ಕೊನೆಯ ಚೊಂಬಿನ ನೀರು

ಜೀವನ್ ಬಿಮಾ ನಗರ, ಬೆಂಗಳೂರು
೧೨ ಜುಲೈ ೧೯೯೮, ಭಾನುವಾರ

ಸೌಭಾಗ್ಯವತಿ ಸೀತಾಲಕ್ಷ್ಮಿಗೆ ಆಶೀರ್ವಾದಗಳು.

ನಿನ್ನ ಆರೋಗ್ಯ ಹೇಗಿದೆ? ಅರಸೀಕೆರೆಯ ಗಾಳಿ ನಿನ್ನ ಕೆಮ್ಮಿಗೆ ಆಗಿಬರುವುದಿಲ್ಲ, ಬೆಳಿಗ್ಗೆ ಹಿತ್ತಲಿಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೊ. ನಿಮ್ಮಕ್ಕ ಮಂಜುಳಮ್ಮನವರ ಸೊಂಟ ಈಗ ಹೇಗಿದೆ? ಕೋಲು ಹಿಡಿದು ನಡೆಯುತ್ತಾರೋ, ಇಲ್ಲ ಇನ್ನೂ ಮಂಚದ ಮೇಲೆಯೇ ಇದ್ದಾರೋ ತಿಳಿಸು. ಅವರು ಬಿದ್ದು ಎಂಟು ವಾರವಾಯಿತು. ಆರು ವಾರಕ್ಕೆ ಓಡಾಡುತ್ತಾರೆಂದು ಡಾಕ್ಟರು ಹೇಳಿದ್ದಾಗಿ ನೀನೇ ಹೇಳಿದ್ದೆ. ನಾನು ವಿವರಣೆ ಕೇಳುತ್ತಿಲ್ಲ, ಸುಮ್ಮನೆ ನೆನಪಾಯಿತು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಶಾಯಿಯ ಕಲೆ ಕಾಣುತ್ತಿರಬೇಕು. ಹೋದ ಭಾನುವಾರ ಎಸ್‌ಟಿಡಿ ಮಾಡಿದಾಗ ನೀನು “ಊಟ ಆಯ್ತಾ? ಬಿಪಿ ಮಾತ್ರೆ ತಗೊಂಡ್ರಾ?” ಎಂದು ಕೇಳಿ ರಿಸೀವರನ್ನು ನಿಮ್ಮಕ್ಕನ ಕೈಗೆ ಕೊಟ್ಟುಬಿಟ್ಟೆ. ಅವರ ಹತ್ತಿರ ಹತ್ತು ನಿಮಿಷ ಕಷಾಯದ ವಿಷಯ ಮಾತಾಡಿದೆ. ಹೇಳಬೇಕಾದದ್ದು ಹಾಗೇ ಉಳಿಯಿತು, ಅದಕ್ಕೇ ಈ ಪತ್ರ.

ಮೊಮ್ಮಗಳು ಸಂಹಿತಾ ಚೆನ್ನಾಗಿ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ, ನೀನು ಹೊಲಿಸಿಟ್ಟ ಹಳದಿ ಫ್ರಾಕು ಮಂಡಿಗಿಂತ ಮೇಲಕ್ಕೆ ಹೋಗಿದೆ. ಆದರೆ ಮಾತು ಬಂದಿಲ್ಲ. ಮುಂದಿನ ತಿಂಗಳಿಗೆ ಎರಡು ವರ್ಷ ಎಂಟು ತಿಂಗಳು. ನೀರು ಬೇಕಾದರೆ ನನ್ನ ಪಂಚೆಯ ಅಂಚು ಹಿಡಿದೆಳೆದು ಫಿಲ್ಟರಿನ ಮುಂದೆ ನಿಲ್ಲಿಸುತ್ತಾಳೆ. ಏನು ಬೇಕೆಂದು ನನಗೆ ತಿಳಿಯದಿದ್ದರೆ ನೆಲದ ಮೇಲೆ ಕೂತು ಹಣೆ ಚಚ್ಚಿಕೊಳ್ಳುತ್ತಾಳೆ. ಸಂಜೆ ಬ್ಯಾಂಕಿನಿಂದ ಬಂದ ಯಮುನಾ ಚಪ್ಪಲಿ ಬಿಡುವ ಮೊದಲೇ ಮಗುವನ್ನೆತ್ತಿಕೊಂಡು “ಅಮ್ಮಾ ಅನ್ನು ಪುಟ್ಟಾ, ಒಂದ್ಸಲ ಅಮ್ಮಾ ಅನ್ನು” ಎಂದು ಬೇಡುತ್ತಾಳೆ. ಮಗು ತನ್ನ ಅಂಗೈಯಿಂದ ತಾಯಿಯ ಬಾಯಿ ಮುಚ್ಚುತ್ತದೆ. ಮೊನ್ನೆ ಅದನ್ನು ನೋಡಲಾರದೆ ಆನಂದ ಇನ್ನೂ ಹೊತ್ತಿರುವಾಗಲೇ ಫ್ಯಾಕ್ಟರಿಯ ಶಿಫ್ಟಿಗೆ ಹೊರಟುಹೋದ. ನಾನು ಪೇಪರು ಮುಖಕ್ಕೆ ಹಿಡಿದು ಕೂತಿದ್ದೆ. ಒಂದು ಅಕ್ಷರವೂ ಓದಲಿಲ್ಲ.

ಕೆಲಸದ ಮುನಿಗಂಗಮ್ಮ ದಿನವೂ ಬಜೆ ತೇಯ್ದು ಮಗುವಿನ ನಾಲಿಗೆಗೆ ಹಚ್ಚುತ್ತಾಳೆ. ಮೊದಲಾಗಿದ್ದರೆ ನಾನು ಬಿಡುತ್ತಿದ್ದೆನೇ? ಈಗ ತೇಯುವ ಕಲ್ಲನ್ನು ನಾನೇ ತೊಳೆದು ಕೊಡುತ್ತೇನೆ. ಆಂಜನೇಯನಿಗೆ ಹರಕೆ ಹೊತ್ತಾಯಿತು. ಕೊನೆಗೆ ಯಾರೋ ಹೇಳಿದರೆಂದು ಆನಂದ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಒಂದು ಕ್ಲಿನಿಕ್ಕಿನ ವಿಳಾಸ ತಂದ. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಮಕ್ಕಳಿಗೆ ಮಾತು ಕಲಿಸುವ ಜಾಗ. ಮೂರು ವಾರದಿಂದ ಬುಧವಾರ ಬುಧವಾರ ನಾನೇ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿರುವಾಕೆ ಮೆಹರುನ್ನೀಸಾ, ನಮ್ಮ ಸೊಸೆ ಯಮುನಾಳಷ್ಟೇ ವಯಸ್ಸು. ಕುರ್ಚಿಯಿದ್ದರೂ ಮಗುವಿನೆದುರು ನೆಲದ ಮೇಲೆಯೇ ಕೂರುತ್ತಾಳೆ. ಮೊದಲು ಕಿವಿಯ ಪರೀಕ್ಷೆ ಮಾಡಿಸಿದಳು, ಕಿವಿ ಚೆನ್ನಾಗಿದೆ. ಆ ರಿಪೋರ್ಟು ಕೈಗೆ ಬಂದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕಿವಿ ಚೆನ್ನಾಗಿದ್ದರೆ ಮತ್ತೆ ಯಾವುದು ಕೆಟ್ಟಿದೆ ಎಂದು ಹೆದರಿಕೆಯಾಯಿತು.

ಆಮೇಲೆ ಆಕೆ ನನ್ನನ್ನು ಕೇಳತೊಡಗಿದಳು. ಮಗು ಮೊದಲು ಏನಾದರೂ ಮಾತಾಡುತ್ತಿತ್ತೇ? ಯಾವಾಗ ನಿಂತಿತು? ನಾನು ಡೈರಿ ತೆಗೆದೆ. ನಗಬೇಡ, ಡೈರಿಯನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ಮಗು ಹೊಸ ಮಾತಾಡಿದಾಗಲೆಲ್ಲ ತಾರೀಖು ಹಾಕಿ ಬರೆದಿಡುತ್ತಿದ್ದೆನಲ್ಲ, ನೀನು “ಮಗೂನ ಫೈಲ್ ಮಾಡ್ತಿದಾರೆ ನೋಡು” ಎಂದು ಯಮುನಾಳ ಹತ್ತಿರ ಆಡಿಕೊಳ್ಳುತ್ತಿದ್ದೆ, ಅದೇ. ಕಾಕ, ಬೂವ, ಹಾಲು, ಬೇಡ, ತಾತ, ಜ್ಜಿ, ಎಲ್ಲ ಸೇರಿ ಹತ್ತೊಂಬತ್ತು ಮಾತು. ಹತ್ತೊಂಬತ್ತನೆಯದು ‘ಹೂ’, ಕಳೆದ ಆಯುಧಪೂಜೆಯ ದಿನ. ಮಾರನೆಯ ದಿನ ವಿಜಯದಶಮಿ. ಆ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ‘ಇಂದಿನಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ, ಸುತ್ತೋಲೆ ಅಂಟಿಸಿದೆ’ ಎಂದಿದೆ. ಆಮೇಲಿನ ಪುಟಗಳಲ್ಲಿ ಹಾಲಿನವನ ರಜೆ ಇದೆ, ಕರೆಂಟು ಹೋದದ್ದಿದೆ, ಮಗುವಿನ ಮಾತು ಒಂದೂ ಇಲ್ಲ. ಮೆಹರುನ್ನೀಸಾ ಕನ್ನಡ ಓದಲಾರಳು. ನಾನೇ ಬೆರಳಿಟ್ಟು ಓದಿ ಹೇಳಿದೆ. ಆಫೀಸಿನಲ್ಲಿ ಎಷ್ಟೋ ಜನರ ತಪ್ಪನ್ನು ತಾರೀಖು ಸಮೇತ ಹಿಡಿದವನು ನಾನು, ಅವತ್ತು ಆ ತಾರೀಖನ್ನು ಎರಡು ಸಲ ಓದಿದೆ.

ಮಾರ್ಚಿಗೆ ಇಂದಿರಾನಗರದ ಆ ಶಾಲೆಯ ಸಂದರ್ಶನ, ಮನೆಯಲ್ಲಿ ಈಗಿನಿಂದಲೇ ಇಂಗ್ಲಿಷು ಕಿವಿಗೆ ಬೀಳಬೇಕು ಎಂದು ಹೊರಟವನು ನಾನು. ಆನಂದನೂ ಯಮುನಾಳೂ ಹೂಂಗುಟ್ಟಿದರು, ಅವರು ಮನೆಯಲ್ಲಿ ಎಚ್ಚರವಾಗಿರುವುದೇ ನಾಲ್ಕು ಗಂಟೆ. ಹಗಲೆಲ್ಲ ಮಗುವಿನ ಜೊತೆ ಇರುವವಳು ನೀನು. ನಿನಗೆ ಕಮ್, ಸಿಟ್, ಈಟ್, ಮಿಲ್ಕ್ ಎಂದು ನಾಲ್ಕು ಮಾತು ಕಲಿಸಿ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದೆ. “ನಾಲ್ಕು ಮಾತಲ್ಲಿ ಮಗೂನ ಹೇಗ್ರೀ ಬೆಳ್ಸೋದು?” ಎಂದು ನೀನು ಕೇಳಿದೆ. “ಪ್ರ್ಯಾಕ್ಟೀಸ್ ಆಗತ್ತೆ” ಎಂದೆ. ಒಂದು ವಾರ ನೀನು ಬಾಯಿ ತೆರೆದು, ನಾಲಿಗೆ ಕಚ್ಚಿಕೊಂಡು, ಮುಚ್ಚುತ್ತಿದ್ದೆ. ಆಮೇಲೆ ಸುಮ್ಮನೆ ಉಣಿಸಿದೆ, ಸುಮ್ಮನೆ ಮಲಗಿಸಿದೆ. ಮುನಿಗಂಗಮ್ಮನಿಗೂ ತಾಕೀತು ಮಾಡಿದ್ದೆ. “ಆಯ್ತು ಬುಡಿ ಸ್ವಾಮಿ, ನಾನು ಪಾತ್ರೆ ಜೊತೇಲೇ ಮಾತಾಡ್ಕೊತೀನಿ” ಎಂದಿದ್ದಳು. ಮನೆ ಎಷ್ಟು ಶಾಂತವಾಗಿದೆ, ಪೇಪರು ಓದಲು ಎಷ್ಟು ಅನುಕೂಲ ಎಂದು ನಾನು ಅಂದುಕೊಂಡಿದ್ದು ನಿಜ. ಮಾರ್ಚಿನಲ್ಲಿ ಆ ಶಾಲೆಯವರು ಸೇಬಿನ ಚಿತ್ರ ಹಿಡಿದು “ವಾಟ್ ಈಸ್ ದಿಸ್?” ಎಂದಾಗ ಮಗು ನಿನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು, ವಾಪಸು ಬರುವಾಗ ಆಟೋದಲ್ಲಿ ನಾನು ಆಡಿದ ಮಾತು, ಅದನ್ನು ಇಲ್ಲಿ ಮತ್ತೆ ಬರೆಯಲಾರೆ.

ಇಂಗ್ಲಿಷಿನದು ತಪ್ಪಿಲ್ಲ ಎಂದು ಮೆಹರುನ್ನೀಸಾ ಹೇಳಿದಳು. ಅವಳ ಮನೆಯಲ್ಲೇ ಮೂರು ಭಾಷೆಯಂತೆ, ಮಕ್ಕಳು ಮೂರರಲ್ಲೂ ವಟಗುಟ್ಟುತ್ತಾರಂತೆ. “ಎಷ್ಟ್ ಭಾಷೆ ಅನ್ನೋದಲ್ಲ ಅಂಕಲ್, ಮಗು ಜೊತೆ ಮಾತು ಎಷ್ಟ್ ಆಗುತ್ತೆ, ಅದು. ಮನೇಲಿ ನೀವು ಯಾವ ಭಾಷೇಲಿ ಜಗಳ ಆಡ್ತೀರಾ? ಅದ್ರಲ್ಲೇ ಮಾತಾಡಿ” ಎಂದಳು. ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು. ಅದು ಏನನ್ನು ನೋಡುತ್ತದೋ ಅದರ ಬಗ್ಗೆ ಮಾತಾಡಬೇಕು, ನಮಗೆ ಬೇಕಾದದ್ದರ ಬಗ್ಗೆಯಲ್ಲ. ಹೇಳು, ಹೇಳು ಎಂದು ಪೀಡಿಸಬಾರದು. ಒಂದು ಮಾತಾಡಿ ಸುಮ್ಮನಾಗಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಬೇಕು. ಮಗು ಕಣ್ಣಲ್ಲಿ ಉತ್ತರ ಕೊಟ್ಟರೂ ಅದನ್ನು ಮಾತೆಂದೇ ತಿಳಿದು ಮುಂದುವರಿಸಬೇಕು. ಮಾತು ಬರುತ್ತದೆಯೇ ಎಂದು ಕೇಳಿದೆ. “ಪ್ರಾಮಿಸ್ ಮಾಡಕ್ಕಾಗಲ್ಲ ಅಂಕಲ್. ಬೇರೆ ಕಾರಣಾನೂ ಇರ್ಬಹುದು, ನೋಡ್ಬೇಕು. ಆದ್ರೆ ಕಾಯ್ತಾ ಸುಮ್ನೆ ಕೂರ್ಬೇಡಿ” ಎಂದಳು. ಹೊರಡುವಾಗ, ಹಗಲು ಮಗುವಿನ ಜೊತೆ ಯಾರಿರುತ್ತಾರೆ ಎಂದು ಕೇಳಿದಳು. ನಾನು ಎಂದೆ. ಮೊದಲು ಯಾರಿದ್ದರು ಎಂದಳು. ನನ್ನ ಹೆಂಡತಿ, ಈಗ ಅಕ್ಕನ ಆರೈಕೆಗೆ ಹೋಗಿದ್ದಾಳೆ ಎಂದೆ.

ಹಾಗಾಗಿ ಈಗ ನಾನು ಮಾತಾಡುತ್ತಿದ್ದೇನೆ. ಅಡುಗೆಮನೆಯ ನೆಲದ ಮೇಲೆ ಕೂತು “ನೋಡು, ತಾತ ಈಗ ಬೀನ್ಸನ್ನು ಕತ್ತರಿಸುತ್ತಿದ್ದಾನೆ” ಎಂದು ಶುರುಮಾಡಿದರೆ ಮುನಿಗಂಗಮ್ಮ ಸೆರಗು ಬಾಯಿಗಿಟ್ಟು ನಗುತ್ತಾಳೆ. “ರೇಡಿಯೋದಲ್ಲಿ ವಾರ್ತೆ ಓದ್ದಂಗಾಯ್ತು ಸ್ವಾಮಿ” ಎಂದಳು. ಮಗು ಎರಡು ಸಲ ನನ್ನ ಮುಖ ನೋಡಿ ಎದ್ದುಹೋಗುತ್ತದೆ. ಎರಡನೆಯ ವಾಕ್ಯಕ್ಕೆ ನನ್ನ ಹತ್ತಿರ ಸರಕಿಲ್ಲ. ಆನಂದ ಚಿಕ್ಕವನಾಗಿದ್ದಾಗ ಅವನ ಹತ್ತಿರ ನಾನು ಏನು ಮಾತಾಡುತ್ತಿದ್ದೆ ಎಂದು ಯೋಚಿಸಿದೆ. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದ್ದು ನೆನಪಿದೆ. ಅವನು ಮಾತು ಕಲಿತದ್ದು ನಿನ್ನಿಂದ, ಅದೆಲ್ಲ ತಾನಾಗಿ ಆದದ್ದೆಂದು ಇಷ್ಟು ವರ್ಷ ತಿಳಿದಿದ್ದೆ.

ನೀನು ಏನೇನು ಹೇಳುತ್ತಿದ್ದೆ? ಇದು ಕೇಳಲೇಬೇಕಾದದ್ದು. ಬಚ್ಚಲುಮನೆಯಿಂದ ನಿನ್ನ ಧ್ವನಿ ಮೂವತ್ತು ವರ್ಷ ಕೇಳಿದ್ದೇನೆ, ಮೊದಲು ಆನಂದನಿಗೆ, ಆಮೇಲೆ ಸಂಹಿತಾಗೆ. ಎಣ್ಣೆ ಹಚ್ಚುವಾಗ ಬೆರಳು ಬೆರಳಿಗೂ ಏನೋ ಹೆಸರು, ನೀರು ಹೊಯ್ಯುವಾಗ ಏನೋ ಪ್ರಶ್ನೆ, ಮಧ್ಯೆ ನೀನು ಸುಮ್ಮನಾಗುತ್ತಿದ್ದೆ, ಮಗು ಏನೋ ಅನ್ನುತ್ತಿತ್ತು, ಇಬ್ಬರೂ ನಗುತ್ತಿದ್ದಿರಿ. ಧಾಟಿ ನೆನಪಿದೆ, ಮಾತು ಒಂದೂ ನೆನಪಿಲ್ಲ, ನಾನು ಪೇಪರು ಓದುತ್ತಿದ್ದೆ. ಮೆಹರುನ್ನೀಸಾ ಹೇಳಿಕೊಟ್ಟ ಹತ್ತರವರೆಗಿನ ಎಣಿಕೆಯನ್ನು ನೀನು ಎಣಿಸದೆಯೇ ಮಾಡುತ್ತಿದ್ದೆ ಎಂದು ಮೊನ್ನೆ ಆಟೋದಲ್ಲಿ ಬರುವಾಗ ಹೊಳೆಯಿತು. ಆದ್ದರಿಂದ ದಯವಿಟ್ಟು ಅದನ್ನೆಲ್ಲ ಒಂದೂ ಬಿಡದೆ ಸವಿವರವಾಗಿ ಬರೆದು ಕಳಿಸು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದರೆ ಸಾಕು. ನಾನು ಬಾಯಿಪಾಠ ಮಾಡುತ್ತೇನೆ.

ಮಂಜುಳಮ್ಮನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸು. ಬೆಳ್ಳುಳ್ಳಿ ಕಷಾಯ ಬಿಡಬಾರದೆಂದು ಹೇಳು. ಯಮುನಾ, ಆನಂದ ನಿನಗೆ ನಮಸ್ಕಾರ ಹೇಳಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ
ಶ್ರೀಕಂಠಯ್ಯ

ತಾ.ಕ.: ಇದನ್ನು ನಿಮ್ಮಕ್ಕನಿಗೆ ಓದಿ ಹೇಳಬೇಡ. ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ಈಗಷ್ಟೇ ಸಂಹಿತಾಗೆ ಸ್ನಾನ ಮಾಡಿಸಿದೆ. ನೀರು ಮುಗಿಯುತ್ತಾ ಬಂದಾಗ ಅವಳು ನನ್ನ ಕೈಯಿಂದ ಚೊಂಬು ಕಿತ್ತುಕೊಂಡು ತಾನೇ ತುಂಬಿದಳು. ತಲೆಯ ಮೇಲೆ ಎರಡು ಕೈಯಲ್ಲೂ ಎತ್ತಿ ಹಿಡಿದು, ಸುರಿದುಕೊಳ್ಳದೆ, ನನ್ನ ಬಾಯನ್ನೇ ನೋಡುತ್ತಾ ನಿಂತಳು. ಕೊನೆಯ ಚೊಂಬಿಗೆ ನೀನು ಏನೋ ಕೇಳುತ್ತಿದ್ದೆ, ಅವಳು ಏನೋ ಅನ್ನುತ್ತಿದ್ದಳು, ಆಮೇಲೆಯೇ ನೀರು. ಅವಳು ಅದನ್ನು ಮರೆತಿಲ್ಲ. ನನಗೆ ಗೊತ್ತಿದ್ದದ್ದೆಲ್ಲ ಹೇಳಿ ನೋಡಿದೆ, ಶ್ಲೋಕ ಕೂಡ ಹೇಳಿದೆ. ಒಂದಕ್ಕೂ ತಲೆಯಾಡಿಸಲಿಲ್ಲ. ಪುಟ್ಟ ಕೈ ನಡುಗಲು ಶುರುವಾದರೂ ಕೆಳಗಿಳಿಸಲಿಲ್ಲ, ಕಾಯುತ್ತಲೇ ಇದ್ದಳು. ಕೊನೆಗೆ ನಾನೇ ಚೊಂಬು ಇಳಿಸಿಕೊಂಡೆ. ಮಾರ್ಚಿನಲ್ಲಿ ಅವತ್ತು ಆಟೋದಲ್ಲಿ, ಮಗು ನಿನ್ನಿಂದ ಕೆಟ್ಟಿತು ಎಂದೆನಲ್ಲ, ತಪ್ಪು ನನ್ನದು ಸೀತಾ. ಫ್ರಿಜ್ಜಿನ ಮೇಲಿನ ಕಾಗದ ಕಿತ್ತಿದ್ದೇನೆ. ಬರೆದು ಕಳಿಸು ಎಂದದ್ದನ್ನು ಹೊಡೆದುಹಾಕು. ನೀನೇ ಬಾ.