ಐದನೆಯ ಖರ್ಜೂರ

ಅಫಜಲಪುರ
೧೯ ಮಾರ್ಚ್ ೨೦೨೫

ಪ್ರೀತಿಯ ಜುಬೇರ ಭಾಯಿಗೆ ಮಸರತಳ ಸಲಾಂ.

ಹೇಗಿದ್ದೀಯ? ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಹಿಡಿದುಕೊಂಡಿದ್ದ ಸೊಂಟ ಸಡಿಲವಾಯಿತೇ? ರೋಜಾ ಇದ್ದು ದಿನವಿಡೀ ಖರ್ಜೂರದ ಗೋದಾಮಿನಲ್ಲಿ ನಿಲ್ಲುತ್ತೀಯೆಂದು ಅಮ್ಮಿ ಮರುಗುತ್ತಾಳೆ. ಫೋನು ಸದಾ ಅವಳ ಮಗ್ಗುಲಲ್ಲೇ ಇರುತ್ತದೆ. ಅವಳೆದುರು ಹೇಳಲಾಗದ್ದಕ್ಕೆ ಈ ಕಾಗದ. ಮದೀನಾಕ್ಕೆ ಮರಳುತ್ತಿರುವ ಖಮರ ಭಾಯಿ ತಂದುಕೊಡುತ್ತಾರೆ.

ನೀನು ಕಳಿಸಿದ ಖರ್ಜೂರದ ಡಬ್ಬಿ ರಂಜಾನಿಗೆ ಮೊದಲೇ ಬಂತು. ಒಳಗಿದ್ದ ಇಂಗ್ಲಿಷ್ ಹಾಳೆಯನ್ನು ಅಮ್ಮಿ ನನ್ನಿಂದ ಓದಿಸಿ ಅರ್ಥ ಕೇಳಿದಳು. ಖರ್ಜೂರದಲ್ಲಿ ಪಾಲಿಫಿನಾಲ್ ಎಂಬ ಸಸ್ಯಾಂಶಗಳಿವೆ, ಅವು ದೇಹದ ಉರಿಯೂತ ತಗ್ಗಿಸಬಹುದು, ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಒಳ್ಳೆಯದಿರಬಹುದು ಎಂದು ಹೇಳಿದೆ. ಆಮೇಲೆ ಅವಳು ತನ್ನದೇ ಲೆಕ್ಕ ಹಾಕಿದಳು. ಇಫ್ತಾರಿಗೆ ಮೂರು ಖರ್ಜೂರ ವಾಡಿಕೆ. ಸಕ್ಕರೆ ಕಾಯಿಲೆಗೆ ತಾನು ನುಂಗುವ ಸಂಜೆಯ ಮಾತ್ರೆಯ ಬದಲಿಗೊಂದು ಸೇರಿದರೆ ನಾಲ್ಕು. ರೂಢಿಯಂತೆ ಎಣಿಕೆ ಬೆಸವಾಗಿಯೇ ಇರಬೇಕಲ್ಲ, ಆದ್ದರಿಂದ ಐದು. ಮಾತ್ರೆಗಳನ್ನು ಅಕ್ಕಿಯ ಡಬ್ಬದಲ್ಲಿ ಹುಗಿದಿಟ್ಟಿದ್ದಳು. ಹದಿನಾಲ್ಕನೆಯ ರೋಜಾದ ದಿನ ಒಲೆಯ ಮುಂದೆ ತಲೆಸುತ್ತಿ ಕುಸಿದಳು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಮುನ್ನೂರ ನಲವತ್ತು.

ಡಾಕ್ಟರ್ ಮೈತ್ರಿ ಗದರಿದಾಗ ಅಮ್ಮಿ, "ಹಣ್ಣಿನ್ಯಾಗ ಔಷಧ ಐತಂತ್ರಿ. ನನ್ನ ಮಗ ತನ್ನ ಕೈಲೆ ತುಂಬಿ ಕಳಿಸ್ಯಾನ" ಎಂದಳು. "ಇದ್ದೀತ್ರೀ ಅಮ್ಮಾ. ಖರೆ ಸಕ್ಕರೀನೂ ಅದರಾಗ ಐತಲ್ಲ, ಎರಡೂ ಒಂದ ಬಾಯಾಗ ಹೋಗ್ತಾವ" ಎಂದರು ಡಾಕ್ಟರು. ಸಕ್ಕರೆ ಹದಕ್ಕೆ ಬರುವವರೆಗೆ ರೋಜಾ ಬೇಡವೆಂದಿದ್ದಾರೆ. ಅಮ್ಮಿ ಅತ್ತದ್ದು ಅದಕ್ಕೇ, ಚುಚ್ಚಿದ ಸೂಜಿಗಲ್ಲ. ಈಗ ಮಾತ್ರೆ ನುಂಗುತ್ತಿದ್ದಾಳೆ, ಮಾತಿಗೂ ಬಲ ಬಂದಿದೆ. ಗಾಬರಿಯಾಗಬೇಡ.

ಅಲ್ಲಾಹ್ ನಿನ್ನ ಮೈಗೆ ಬಲ ಕೊಡಲಿ. ಅಮ್ಮಿಯ ದುವಾ ನಿನ್ನ ಮೇಲೆ ಹಗಲಿರುಳೂ ಇದೆ.

ನಿನ್ನ ತಂಗಿ,
ಮಸರತ

ತಾ.ಕ.: ಖಮರ ಭಾಯಿ ಬಾಗಿಲಲ್ಲಿ ನಿಂತಿದ್ದಾರೆ. ಹಾಳೆಯ ಕೊನೆಗೆ ಇನ್ನೊಂದು ಸಾಲಿತ್ತು: ಇವು ಬಹುಪಾಲು ಪ್ರಯೋಗಾಲಯದಲ್ಲಷ್ಟೇ ಕಂಡ ಗುಣಗಳು, ಯಾರೂ ಔಷಧ ಬಿಡಬಾರದು ಎಂದು. ಅನುವಾದದ ಪುಸ್ತಕದಲ್ಲಿ ಒಂದು ವಾಕ್ಯ ಬಿಟ್ಟುಹೋದರೂ ಸಿಡುಕುವ ನಾನು ಅದನ್ನು ಅಮ್ಮಿಗೆ ಓದಿ ಹೇಳಲಿಲ್ಲ. ನೀನು ಹೋದ ಮೇಲೆ ಅಮ್ಮಿಯ ಮುಖ ಅಷ್ಟು ಅರಳಿದ್ದನ್ನು ನೋಡಿರಲಿಲ್ಲ. ಈಗ ನೋಡಲು ಬಂದವರಿಗೆಲ್ಲ ಅವಳು, "ಮಸರತ ಬರೋಬರಿ ಓದ್ಯಾಳ, ನಾನ ತಪ್ಪ ತಿಳಕೊಂಡೇನಿ" ಎನ್ನುತ್ತಾಳೆ. ಇವತ್ತು ಅವಳಿಗೆ ಹೇಳಿಬಿಡಬೇಕೆಂದಿದ್ದೇನೆ. ಈ ಕಾಗದ ಸೇರಿದಾಗಲೂ ಅವಳು ಹಾಗೆಯೇ ಅನ್ನುತ್ತಿದ್ದರೆ, ನನ್ನಿಂದ ಆಗಲಿಲ್ಲವೆಂದು ತಿಳಿದು ನೀನೇ ಹೇಳು.