‘ಕಾರಣವಿಲ್ಲ’ ಎಂದು ಒತ್ತಿದವಳು

ನೀರುಮನೆಯ ಅಣ್ಣನಿಗೆ, ನಿಮ್ಮ ಕಂಪ್ಯೂಟರ್ ತಂಗಿಯ ನಮಸ್ಕಾರಗಳು.

ನೀವು ನಮ್ಮ ನೀರು ಸರಬರಾಜು ಕಚೇರಿಯ ಕೆಲಸ ಬಿಟ್ಟು ಹೋದ ಮೇಲೆ ಒಮ್ಮೆಯೂ ವಿಚಾರಿಸಲಿಲ್ಲ ನಾನು. ಈಗ ಬರೆಯದೆ ವಿಧಿಯಿಲ್ಲ. ಕಳೆದ ಗುರುವಾರ ನಾವು ಬಿಟ್ಟ ನೀರು ಕುಡಿದು ಶಾಲೆಯೊಂದರ ಮೂವತ್ತೊಂದು ಮಕ್ಕಳು ಆಸ್ಪತ್ರೆ ಸೇರಿದ್ದಾರೆ. ಇಬ್ಬರು ಇನ್ನೂ ಕಣ್ಣು ಬಿಟ್ಟಿಲ್ಲ. ನೀರು ಪರೀಕ್ಷಿಸುವ ಮೀಟರಿನ ಪ್ರಕಾರ ಅಂದು ನೀರು ತಿಳಿಯಾಗಿಯೇ ಇತ್ತು.

ನಿಮ್ಮ ಹಳೆಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದವಳು ನಾನು. ಅಂಕಿಅಂಶ ಜೋಡಿಸಿದರೆ ಮಾಹಿತಿ, ಮಾಹಿತಿ ಕೂಡಿಟ್ಟರೆ ಜ್ಞಾನ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಒಂದೇ ವರ್ಷದಲ್ಲಿ ಹತ್ತೊಂಬತ್ತು ಸಲ ನೀವು ಹೊಳೆಯಿಂದ ನೀರು ಒಳಬರುವ ಗೇಟು ಮುಚ್ಚಿದ್ದಿರಿ. ಕಾರಣ ಒಂದೇ: ‘ವಾಸನೆ’. ಕಂಪ್ಯೂಟರಿನ ಕಾರಣಗಳ ಪಟ್ಟಿಯಲ್ಲಿ ಆ ಪದವೇ ಇರಲಿಲ್ಲ. ಏನು ಹಾಕಲಿ ಎಂದು ಕೇಳಿದ್ದಕ್ಕೆ, “ಹೊಳೆ ಮೇಲ್ಗಡೆ ಇರೋ ಬಣ್ಣದ ಕಾರ್ಖಾನೆಯವರು ತೊಟ್ಟಿ ತೊಳೆದ ದಿನ ನೀರು ನೋಡೋಕೆ ಚೆನ್ನಾಗೇ ಇರುತ್ತೆ ತಂಗೀ. ಬಗ್ಗಿ ಮೂಸಿದ್ರೇನೇ ಗೊತ್ತಾಗೋದು. ಬಾ, ತೋರಿಸ್ತೀನಿ” ಅಂದಿರಿ. ಚಪ್ಪಲಿ ಕೆಸರಾಗುತ್ತದೆಂದು ನಾನು ಬರಲಿಲ್ಲ. ಹತ್ತೊಂಬತ್ತು ಕಡೆಯೂ ‘ಕಾರಣವಿಲ್ಲ’ ಎಂದು ಒತ್ತಿದೆ.

ಅದನ್ನೇ ಸಾಹೇಬರು ಚಾರ್ಟು ಮಾಡಿ ಮೀಟಿಂಗಿನಲ್ಲಿ ತೋರಿಸಿದರು. “ಮಾಹಿತಿ ಸುಳ್ಳು ಹೇಳಲ್ಲ. ಈ ಮನುಷ್ಯ ಮನಸ್ಸು ಬಂದಾಗೆಲ್ಲ ನೀರು ನಿಲ್ಸಿದ್ದಾರೆ.” ನಿಮ್ಮ ಮೂಗಿನ ಬಗ್ಗೆ ಯಾರೋ ಜೋಕು ಹೊಡೆದರು. ನಾನೂ ನಕ್ಕೆ, ಅಣ್ಣ. ನನ್ನ ತಪ್ಪು ಹೊರಬೀಳುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡೆ. ನಿಮ್ಮನ್ನು ಪೈಪು ಎಣಿಸಲು ಗೋದಾಮಿಗೆ ಹಾಕಿದರು. ಹದಿನೈದು ದಿನಕ್ಕೆ ನೀವು ರಾಜೀನಾಮೆ ಕೊಟ್ಟಿರಿ. ಹೋಗುವಾಗ ನನ್ನ ಮೇಜಿನ ಬಳಿ ನಿಂತು, “ಹೊಸಬರಿಗೆ ಹೇಳಿಕೊಡೋಕೆ ನಾಲ್ಕು ದಿನ ಕೊಡಿ ಅಂದೆ. ಎಲ್ಲಾ ಕಂಪ್ಯೂಟರಲ್ಲಿದೆ ಅಂದ್ರು. ಇದ್ಯಾ ತಂಗೀ?” ಎಂದಿರಿ. ನಾನು ಟೈಪು ಮಾಡುತ್ತಲೇ ಇದ್ದೆ.

ನಿನ್ನೆ ತನಿಖೆಯವರ ಮುಂದೆ ಎಲ್ಲವನ್ನೂ ಹೇಳಿ ಸಹಿ ಹಾಕಿದ್ದೇನೆ. ಕೆಲಸ ಹೋಗಬಹುದು, ಹೋಗಲಿ. ನಿಮ್ಮನ್ನು ಕರೆಸಿ ಎಂದು ಅವರನ್ನು ಬೇಡಿಕೊಂಡೆ. ಬನ್ನಿ ಎಂದು ನಾನು ಯಾವ ಮುಖ ಇಟ್ಟುಕೊಂಡು ಕರೆಯಲಿ?

ಇಂದು ಬೆಳಿಗ್ಗೆ ನಾನೇ ಹೊಳೆಗೆ ಇಳಿದೆ. ಬೊಗಸೆಯಲ್ಲಿ ನೀರೆತ್ತಿ ಮತ್ತೆ ಮತ್ತೆ ಮೂಸಿದೆ. ಏನೂ ತಿಳಿಯಲಿಲ್ಲ. ಹೊಸ ಆಪರೇಟರು ಗೇಟಿನ ಚಕ್ರ ಹಿಡಿದು, “ಬಿಡ್ಲಾ ಮೇಡಂ, ಬೇಡ್ವಾ?” ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಮುಚ್ಚಿಯೇ ಇರಲಿ ಅಂದೆ. ಇಡೀ ಊರಿಗೆ ಇಂದು ನೀರಿಲ್ಲ.

ಮತ್ತೆ ನಲ್ಲಿ ಬಂದ ದಿನ ಅತ್ತಿಗೆ ಕೊಡ ಹಿಡಿಯುವ ಮುಂಚೆ ನೀವೊಮ್ಮೆ ಮೂಸಿ ನೋಡಿ. ನಿಮ್ಮ ಮನೆಯವರಾದರೂ ಚೆನ್ನಾಗಿರಲಿ.

ತಂಗಿ ಎನ್ನಿಸಿಕೊಳ್ಳಲು ಯೋಗ್ಯತೆ ಉಳಿಸಿಕೊಳ್ಳದ,
ನಿಮ್ಮ ತಂಗಿ