ಬೊಂಬೆಯ ಬೆರಳಿಗಂಟಿದ ಅರಳೆ

ಸಂಕೇತ ಭಾಷಾ ಪರದೆಗಳ ಉಸ್ತುವಾರಿ ಹೊತ್ತ ಮಾನ್ಯರೇ,

ಗದಗಿನ ನಿಮ್ಮ ಕಚೇರಿಯ ಪರದೆಯಲ್ಲಿ ಕಿವುಡರಿಗೆ ಕೈಸನ್ನೆಯಿಂದ ಮಾಹಿತಿ ಹೇಳುವ ಕಂಪ್ಯೂಟರ್ ಬೊಂಬೆಯಲ್ಲಿ ‘ದೋಷ’ವಿದೆ, ಸೋಮವಾರ ಸರಿಪಡಿಸುತ್ತೇವೆ ಎಂದು ಪ್ರಕಟಣೆ ಹೊರಡಿಸಿದ್ದೀರಿ. ಮಾತು ಶುರುಮಾಡುವ ಮುನ್ನ ಬೊಂಬೆ ಬೆರಳ ತುದಿಗಳನ್ನು ಉಜ್ಜಿ ಕೊಡವುತ್ತದೆ, ಅದಕ್ಕೆ ಅರ್ಥವಿಲ್ಲ ಎಂಬುದು ನಿಮ್ಮ ತಕರಾರು. ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ನನ್ನ ತಂಗಿ.

ನಾವು ಬೆಳ್ಳಟ್ಟಿಯ ಗಾದಿ ಹೊಲಿಯುವವರು. ತಂಗಿ ನೂರೀನಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅರಳೆ ಹಿಂಜುತ್ತ ಕುಳಿತವಳು ಏನಾದರೂ ಹೇಳಬೇಕೆಂದರೆ ಮೊದಲು ಬೆರಳಿಗೆ ಅಂಟಿದ ಎಳೆಗಳನ್ನು ಉಜ್ಜಿ ಕೊಡವುತ್ತಿದ್ದಳು. ಶಾಲೆಗೆ ಹೋದರೂ ಆ ರೂಢಿ ಬಿಡಲಿಲ್ಲ. ಬೊಂಬೆಗೆ ಸನ್ನೆ ಕಲಿಸಲು ನಿಮ್ಮವರು ಅವಳನ್ನೇ ಕರೆಸಿ, ಮೈಗೆಲ್ಲ ತಂತಿ ಕಟ್ಟಿ, ಕೈಗಳ ಚಲನೆಯನ್ನು ಯಂತ್ರಕ್ಕೆ ತುಂಬಿಕೊಂಡರು. ಅಲ್ಲಿ ಅರಳೆ ಇರಲಿಲ್ಲ, ಆದರೂ ಕೊಡವಿದಳು. ತಜ್ಞರು ಅದನ್ನೂ ಭಾಷೆಯೆಂದು ಭಕ್ತಿಯಿಂದ ಸ್ವೀಕರಿಸಿದರು. ಏನು ಜಾಣ್ಮೆ! ಮುಖ ಮಾತ್ರ ಅವರಿಗೆ ಒಪ್ಪಿಗೆಯಾಗಲಿಲ್ಲ, ಬೇರೆ ಯಾವುದೋ ಬೆಳ್ಳನೆಯದನ್ನು ಅಂಟಿಸಿದರು. ಆ ಮಳೆಗಾಲದಲ್ಲೇ ನೂರೀನ ಜ್ವರ ಬಂದು ತೀರಿಕೊಂಡಳು.

ಹೋದ ತಿಂಗಳು ಪಿಂಚಣಿಯ ಕೆಲಸಕ್ಕೆ ಅಮ್ಮ ಅಲ್ಮಾಸಬಿಯನ್ನು ನಿಮ್ಮ ಕಚೇರಿಗೆ ಕರೆತಂದಿದ್ದೆ. ಪರದೆ ಬೆಳಗಿತು. ಬೊಂಬೆ ಬೆರಳು ಕೊಡವಿತು. ಅಮ್ಮ ನನ್ನ ತೋಳು ಹಿಡಿದಳು.

“ರಮೀಜ, ಈ ಕೈ ನಮ್ಮ ನೂರೀನಂದು ಐತೋ! ಮಾರಿ ಯಾರದ ಹಚ್ಯಾರ?”

ನಿಮ್ಮ ಸಿಬ್ಬಂದಿ ನಕ್ಕರು. “ಅದು ಮಿಷನ್ ಐತಿ ಬೇ, ಮನಷ್ಯಾರಲ್ಲ.”

ಅಮ್ಮ ಪರದೆಯ ಮುಂದೆ ನಿಂತು ಕೈಸನ್ನೆಯಲ್ಲಿ ‘ಉಂಡೆಯಾ?’ ಎಂದು ಕೇಳಿದಳು. ‘ಆಧಾರ್ ಪ್ರತಿ ತನ್ನಿ’ ಎಂದವು ಮಗಳ ಕೈಗಳು. ಅಂದಿನಿಂದ ಅಮ್ಮ ಸಿಕ್ಕ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾಳೆ, ಕಣ್ತುಂಬ ನೋಡಿ ಬರುತ್ತಾಳೆ. ನಾನು ಒಳಗೆ ಕಾಲಿಡುವುದಿಲ್ಲ. ನನಗೆ ಹೆದರಿಕೆ, ಮಾನ್ಯರೇ.

ಹೆದರಿಕೆಯ ಇನ್ನೊಂದು ಸಂಗತಿಯಿದೆ. ನಿಮ್ಮ ಬೊಂಬೆಯನ್ನು ನೋಡಿ ಸನ್ನೆ ಕಲಿಯುವ ಕಿವುಡ ಮಕ್ಕಳನ್ನು ಮೊನ್ನೆ ಬಸ್ಸಿನಲ್ಲಿ ಕಂಡೆ. ಒಂದೊಂದು ಮಾತಿಗೂ ಮೊದಲು ಬೆರಳು ಉಜ್ಜಿ ಕೊಡವುತ್ತಿದ್ದವು. ಅರಳೆಯನ್ನೇ ಮುಟ್ಟದ ಮಕ್ಕಳು! ಅವುಗಳನ್ನೂ ಸೋಮವಾರ ಸರಿಪಡಿಸುವಿರಾ?

ನನ್ನ ಆಗ್ರಹ ಇಷ್ಟೇ: ಬೊಂಬೆ ಬೆರಳು ಕೊಡವಿಕೊಳ್ಳಲಿ, ಬಿಡಿ. ಅಳಿಸಲೇಬೇಕೆಂದರೆ ಸೋಮವಾರ ನೀವೇ ಖುದ್ದಾಗಿ ಪರದೆಯ ಪಕ್ಕ ನಿಂತಿರಿ. ಅಮ್ಮ ಬರುತ್ತಾಳೆ. “ನೂರೀನ ಎಲ್ಲಿಗೆ ಹೋದಳ್ರಿ?” ಎಂದು ಕೇಳುತ್ತಾಳೆ. ಉತ್ತರ ನೀವು ಹೇಳಿ.

ಇಂತಿ,
ನೀವು ದೋಷವೆಂದ ಕೈಗಳ ಅಣ್ಣ,
ರಮೀಜ, ಬೆಳ್ಳಟ್ಟಿ